ಪ್ಲೇಗಿನ ಕೊಲೆಗಾರನನ್ನು ಹುಡುಕಿ ಪೀಣ್ಯಕ್ಕೆ

ಬೆಳಗ್ಗೆ ಏಳರ ಬಸ್ಸಿಗೆ ತುಮಕೂರು ಬಿಟ್ಟೆ. ಆ ಹೊತ್ತಿಗೆ ಬೆಂಗಳೂರಿಗೆ ಹೋಗುವವರು ಬಲಗಡೆ ಕಿಟಕಿ ಹಿಡಿಯಿರಿ. ಎಡಕ್ಕೆ ಕೂತರೆ ನೆಲಮಂಗಲದವರೆಗೂ ಬಿಸಿಲು ಮುಖಕ್ಕೇ. ಚೀಲದಲ್ಲಿದ್ದದ್ದು ನನ್ನ ಬಾಡಿಗೆ ಪುಸ್ತಕದಂಗಡಿಯ ಒಂದೇ ಒಂದು ಕಾದಂಬರಿ.

ಹಿಂದೆ ಬೆಂಗಳೂರಿಗೆ ಪ್ಲೇಗ್ ಬಂದಾಗಿನ ಕೊಲೆಯ ಕಥೆ ಅದು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಆಗಿನವರು ಮನೆ ಬಿಟ್ಟು ಊರಾಚೆ ಗುಡಿಸಲು ಹಾಕಿಕೊಳ್ಳುತ್ತಿದ್ದರಲ್ಲ, ಕೊಲೆಗಾರ ಅದನ್ನೇ ಹಿಡಿದಿದ್ದ. ಎಲ್ಲಿಂದಲೋ ತಂದ ಸತ್ತ ಇಲಿಯನ್ನು ನಡುಮನೆಯಲ್ಲಿ ಬೀಳಿಸಿ, ಎಲ್ಲರನ್ನೂ ಓಡಿಸಿ, ಹಟ ಮಾಡಿ ಉಳಿದ ಯಜಮಾನನನ್ನು ಮುಗಿಸಿದ. ಊರು ಪ್ಲೇಗ್ ಅಂದುಕೊಂಡಿತು. ಇಲಿ ತಂದವರು ಯಾರು ಎಂದು ತಿಳಿಯಬೇಕಾದ ನೂರ ನಲವತ್ತೈದನೇ ಪುಟಕ್ಕೆ ಬಂದರೆ ಕಾವೇರಿ ಉಕ್ಕಿ ಹರಿಯುತ್ತಿದೆ, ಯಾವನೋ ಅಂಬಿಗ ಸಿಕ್ಕಿಬೀಳುತ್ತಾನೆ. ಕೊನೆಯ ಹದಿನಾರು ಪುಟ ಬೇರೆ ಪುಸ್ತಕದ್ದು.

ಅದನ್ನು ಓದುತ್ತಿದ್ದವರು ನಿವೃತ್ತ ಪೋಸ್ಟ್‌ಮಾಸ್ಟರ್ ಸಿದ್ದಲಿಂಗಪ್ಪನವರು. ನಾನು ಬಸ್ಸು ಹತ್ತಿದ ಮರುದಿನವೇ ಅವರಿಗೆ ಕಣ್ಣಿನ ಪೊರೆಯ ಆಪರೇಷನ್. "ಕಣ್ಣು ಬಂದ್ರೆ ಬಂತು, ಹೋದ್ರೆ ಹೋಯ್ತು ಕಣಯ್ಯ. ಕೊಂದೋನ್ಯಾರು ಅಂತ ತಿಳ್ಕೊಂಡೇ ಆಸ್ಪತ್ರೆಗೆ ಹೋಗ್ತೀನಿ" ಎಂದು ಪಟ್ಟು ಹಿಡಿದಿದ್ದರು. ಸಂಜೆಯೊಳಗೆ ತರುತ್ತೇನೆಂದು ಒಪ್ಪಿದ್ದೆ. ಪ್ರಕಾಶಕರಿಗೆ ಫೋನ್ ಮಾಡಿದರೆ, ಪೀಣ್ಯದ ಬೈಂಡಿಂಗ್ ಶೆಡ್ಡಿಗೇ ಹೋಗಿ ಎಂದಿದ್ದರು.

ಮಾದನಾಯಕನಹಳ್ಳಿ ದಾಟಿ, ನಾಗಸಂದ್ರದ ಲಾರಿ ಸಾಲಿನ ಹಿಂದೆ ಅರ್ಧ ಗಂಟೆ ನಿಂತು, ಜಾಲಹಳ್ಳಿ ಕ್ರಾಸಿನಲ್ಲಿ ಇಳಿದೆ. ಆಟೋದವನು ಇಪ್ಪತ್ತು ರೂಪಾಯಿ ಎಂದ, ನಡೆದೆ. ಪೀಣ್ಯದಲ್ಲಿ ದಾರಿ ಕೇಳುವುದಾದರೆ ಮೊದಲು ಟೀ ಕುಡಿದು, ಆಮೇಲೆ ಟೀ ಅಂಗಡಿಯವನನ್ನೇ ಕೇಳಿ.

ಶೆಡ್ಡಿನಲ್ಲಿ ಹಾಳೆ ಜೋಡಿಸುವ ಮುನಿಯಮ್ಮ ಪುಸ್ತಕ ತಿರುವಿ ನೋಡಿ ನಕ್ಕಳು. "ನಂಗೆ ಅಕ್ಸರ ಬರಾಕಿಲ್ಲ ಅಣ್ಣ. ಮಡಿಕೆ ಮ್ಯಾಲಿನ ಕರಿ ಗುರ್ತು ನೋಡಿ ಜೋಡಿಸ್ತೀನಿ. ಎಲ್ಡು ಬುಕ್ಕಿಗೂ ಗುರ್ತು ಒಂದೇ ಜಾಗ್ದಲ್ಲಿತ್ತು, ಅಂಗೇ ಹೊಲ್ದ್‌ಬುಟ್ಟೆ."

ಮಾಲೀಕ ರಂಗಣ್ಣ ಕೈಯಾಡಿಸಿದ. "ಬಿಡಿ ಹಾಳೆ ಇಲ್ಲ ಸಾರ್. ನಿಮ್ಮ ಪ್ಲೇಗೆಲ್ಲ ಪ್ರವಾಹದ ಬುಕ್ಕಿನ ಕೊನೇಲಿ ಸೇರ್ಕೊಂಡಿದೆ. ಆ ಬುಕ್ಕೇ ತಗೊಳ್ಳಿ, ಮೂವತ್ತು ರೂಪಾಯಿ."

"ಹೊಳೇಲಿ ಶುರುವಾಗಿ ಪ್ಲೇಗಲ್ಲಿ ಮುಗಿಯೋ ಪುಸ್ತಕಾನ ಯಾರಿಗೆ ಮಾರ್ತೀರಾ ರಂಗಣ್ಣ? ರದ್ದಿ ರೇಟು ಹೇಳಿ."

"ಕೊಡಣ್ಣೋ, ತಪ್ಪು ನಮ್ದೇ ಅಲ್ವಾ" ಎಂದಳು ಮುನಿಯಮ್ಮ.

ಎರಡು ರೂಪಾಯಿಗೆ ಮುಗಿಯಿತು. ಕೆಟ್ಟ ಮಾಲಿನ ಕೆಡುಕನ್ನು ಮಾರುವವರ ಬಾಯಲ್ಲೇ ಹೇಳಿಸಿದರೆ ಅರ್ಧ ವ್ಯಾಪಾರ ಗೆದ್ದ ಹಾಗೆ. ಮುನಿಯಮ್ಮ ಎರಡರ ದಾರವನ್ನೂ ಕತ್ತರಿಸಿ, ಕೊನೆಗಳನ್ನು ಅದಲುಬದಲು ಮಾಡಿ, ಮತ್ತೆ ಹೊಲಿದು ಅಂಟು ಬಳಿದಳು. "ಒಣಗೋಗಂಟ ತೆಗೀಬ್ಯಾಡಿ, ಕೊಲೆಗಾರ ಕಿತ್ಕೊಂಡ್ ಬತ್ತಾನೆ. ಮ್ಯಾಲೆ ಭಾರ ಇಡಿ."

ಭಾರಕ್ಕೆ ನಾನೇ ಇದ್ದೆನಲ್ಲ. ತುಮಕೂರಿನವರೆಗೂ ಎರಡು ಕೊಲೆಗಳ ಮೇಲೆ ಕೂತೇ ಬಂದೆ.

ನಾಲ್ಕೂವರೆಗೆ ಸಿದ್ದಲಿಂಗಪ್ಪನವರು ಜಗಲಿಯ ಮೇಲೆ ಭೂತಗನ್ನಡಿ ಹಿಡಿದು ಕಾಯುತ್ತಿದ್ದರು. ಹದಿನಾರು ಪುಟಕ್ಕೆ ಒಂದು ಗಂಟೆ ಹಿಡಿಯಿತು. ಕೊನೆಗೆ "ಹೂಂ" ಎಂದರು.

"ಯಾರು ಸಾರ್?"

"ನೀನೇ ಓದ್ಕೋ."

ಪ್ರವಾಹದ ಪುಸ್ತಕ ಕೈಗೆತ್ತಿಕೊಂಡು ಮೊದಲ ಸಾಲು ಓದಿದರು. ಮುಚ್ಚಿ ನನಗೆ ಕೊಟ್ಟರು. "ಅಂಬಿಗ ಅಂತ ಗೊತ್ತಾಗ್ಹೋಗಿದೆ. ಹೇಗೆ ಕೊಂದ ಅಂತ ನೋಡ್ಬೇಕು. ಒಂದು ತಿಂಗಳು ಇದನ್ನ ಯಾರಿಗೂ ಬಾಡಿಗೆ ಕೊಡ್ಬೇಡ. ಕಣ್ಣಿನ ಪಟ್ಟಿ ಬಿಚ್ಚಿದ ಮೇಲೆ ನಾನೇ ಬಂದು ತಗೋತೀನಿ."

ಒಪ್ಪಿಕೊಂಡೆ. ಅಂಗಡಿಗೆ ಬಂದು ಅದಕ್ಕೆ ಅವರ ಹೆಸರಿನ ಚೀಟಿ ಅಂಟಿಸಿ ಕಪಾಟಿನೊಳಗಿಟ್ಟೆ.