ನನ್ನ ಕುರ್ಚಿಯ ಮೆತ್ತೆ

ಶಿಗ್ಗಾಂವಿಯಿಂದ ಊಟದ ಟೇಬಲ್ಲು ಬಂದಾಗ ಅದರ ಜೊತೆ ಮೂರೇ ಕುರ್ಚಿ ಬಂದವು: ಮಾವನಿಗೆ, ಗಂಡನಿಗೆ, ಗಂಡನ ಅಣ್ಣನಿಗೆ. “ನನಗೆ?” ಎಂದು ಕೇಳಿದೆ.

“ಊಟಕ್ಕ ನೀಡಾಕಿಗೆ ಕುರ್ಚಿ ಯಾಕ ಬೇಕವಾ?” ಎಂದು ಭಾವ ನಕ್ಕರು.

ಹಿತ್ತಲಲ್ಲಿ ಬಿದ್ದಿದ್ದ ಬೇವಿನ ಹಲಗೆ ಕೊಯ್ದು ನಾನೇ ಕುರ್ಚಿ ಮಾಡತೊಡಗಿದೆ. ಕೂರುವ ಹಲಗೆಯ ಮೇಲೆ ಹಳೇ ಗಾದಿಯ ಅರಳೆ ಹಿಂಜಿ ಹಾಸಿ, ಸವಣೂರಿನಿಂದ ತಂದ ಕೆಂಪು ರೆಕ್ಸಿನ್ ಬಿಗಿದು ಮೊಳೆ ಹೊಡೆದೆ. ಒಂದೊಂದು ಏಟೂ ಭಾವನ ನೆತ್ತಿಗೇ ಬಿದ್ದಂತೆ ಹಾಯೆನಿಸಿತು. ಹಲಗೆ ಸಮೇತ ಆ ಮೆತ್ತೆಯನ್ನು ಕುರ್ಚಿಯ ಚೌಕಟ್ಟಿನೊಳಗೆ ಸುಮ್ಮನೆ ಕೂರಿಸಿದೆ, ಬೇಕೆಂದಾಗ ಎತ್ತಲು ಬರುವಂತೆ.

ಮುಗಿದ ದಿನ ಮಧ್ಯಾಹ್ನ ನಾನು ರೊಟ್ಟಿ ತರುವಷ್ಟರಲ್ಲಿ ಭಾವ ಅದರ ಮೇಲೆಯೇ ಕುಳಿತಿದ್ದರು.

“ಭಾಳ ಮೆತ್ತಗೈತಿ. ಇದು ನನಗಿರ್ಲಿ, ನೀ ಇನ್ನೊಂದು ಮಾಡ್ಕೊ.”

ಗಂಡ ತಾಟಿನಿಂದ ತಲೆ ಎತ್ತಲಿಲ್ಲ. ನಾನು ರೊಟ್ಟಿ ನೀಡಿದೆ. ಭಾವ ಕೈ ತೊಳೆಯಲು ಎದ್ದ ಕೂಡಲೇ ಮೆತ್ತೆ ಎತ್ತಿಕೊಂಡು ಹೋಗಿ, ಅಡುಗೆಮನೆಯ ನೆಲದ ಮೇಲೆ ಹಾಕಿ, ಅದರ ಮೇಲೆ ಕುಳಿತು ಹೊಟ್ಟೆತುಂಬ ಉಂಡೆ.

ಮರುದಿನ ಊಟಕ್ಕೆ ಬಂದ ಭಾವ ನಡುವೆ ಬರೀ ತೂತಿದ್ದ ಚೌಕಟ್ಟನ್ನು ನೋಡಿ ನಿಂತರು.

“ಕುರ್ಚಿ ನಿಮ್ಮದ ಐತಲ್ರಿ,” ಎಂದೆ. “ಕುಂದರ್ರಿ.”