ಗುಲಾಮ್ ರಸೂಲ್ ಸಾಬರ ಬಂಡವಾಳ

ಯಶವಂತಪುರದ ರೈಲ್ವೆ ಗೂಡ್ಸ್ ಷೆಡ್ಡಿನ ಹಿಂದೆ ಗಾಡಿಖಾನೆ ಬೀದಿ ಅಂತ ಒಂದಿತ್ತು. ಉದ್ದ ಇನ್ನೂರ ನಲವತ್ತು ಅಡಿ. ಅಗಲ ಮಾತ್ರ ಯಾರನ್ನು ಕೇಳಿದರೆ ಅವರು ಹೇಳಿದಷ್ಟು. ಆ ಬೀದಿಯಲ್ಲಿ ಗುಲಾಮ್ ರಸೂಲ್ ಸಾಬರು ಎತ್ತುಗಳಿಗೆ ಲಾಳ ಕಟ್ಟುತ್ತಿದ್ದರು. ಎತ್ತಿನ ಗೊರಸು ಸೀಳಿರುವುದರಿಂದ ಕಾಲಿಗೆ ಎರಡರಂತೆ ಒಂದು ಎತ್ತಿಗೆ ಎಂಟು ಲಾಳ, ಜೋಡಿಗೆ ಹದಿನಾರು. ಈ ಲೆಕ್ಕ ಬಿಟ್ಟು ಬೇರೆ ಲೆಕ್ಕ ಅವರ ತಲೆಗೆ ಹತ್ತುತ್ತಿರಲಿಲ್ಲ. ಮನುಷ್ಯರ ಮುಖ ನೆನಪಿರುತ್ತಿರಲಿಲ್ಲ. ಎತ್ತಿನ ಕಾಲು ಮರೆಯುತ್ತಿರಲಿಲ್ಲ. ಪಕ್ಕದ ಸಿಂಗಾಪುರ ಹಳ್ಳಿಯ ರೈತನೊಬ್ಬ ಐದು ವರ್ಷದ ಮೇಲೆ ಬಂದು, "ಗುರುತು ಸಿಕ್ತಾ ಸಾಬ್ರೆ?" ಎಂದರೆ, ಇವರು ಅವನ ಮುಖ ನೋಡದೆ, ಬಗ್ಗಿ ಎತ್ತಿನ ಬಲಗಾಲು ನೋಡಿ, "ಓಹೋ, ನೀವಾ! ಹೆಂಗಿದೀರಾ? ತೆಳ್ಳಗಾಗಿದೀರಲ್ಲ!" ಎನ್ನುತ್ತಿದ್ದರು.

ಹುಟ್ಟಿದ್ದು ಬಾಗಲೂರಿನಲ್ಲಿ. ಮದುವೆಯಾದ ಮೇಲೆ, ೧೯೪೫ರಲ್ಲಿ, ಕಸುಬು ಕಲಿಯಲು ಯಶವಂತಪುರದ ಮಾವನ ಹತ್ತಿರ ಬಂದರು. ಮಾವ ಕಲಿಸಿದ್ದು ಎರಡೇ ವಿದ್ಯೆ: ಎತ್ತನ್ನು ನೋವಾಗದಂತೆ ಹಗ್ಗ ಹಾಕಿ ಕೆಡವುವುದು, ಎದ್ದ ಮೇಲೆ ಅದರ ಮುಂದೆ ನಿಲ್ಲದಿರುವುದು. ಎರಡನೆಯದನ್ನು ಒಂದು ಸಲ ಮರೆತು ಒಂದು ಹಲ್ಲು ಕಳೆದುಕೊಂಡಿದ್ದರು. ಮಾವ ತೀರಿಕೊಂಡ ಮೇಲೆ ನಾಲ್ಕು ಕಂಬ, ಆರು ತಗಡಿನ ಆ ಚಪ್ಪರ ಇವರದಾಯಿತು. ಬಾಡಿಗೆ ಚೀಟಿ ಇರಲಿಲ್ಲ. ಗಾಡಿಗಳು ತಂಗುತ್ತಿದ್ದ ಗಾಡಿಖಾನೆಯ ಯಜಮಾನರ ಎತ್ತುಗಳಿಗೆ ಪುಕ್ಕಟೆ ಲಾಳ ಕಟ್ಟಬೇಕು, ಅವರು ಜಾಗ ಬಿಡಿಸಬಾರದು. ಇಷ್ಟೇ ಕರಾರು, ಅದೂ ಬಾಯಿಮಾತಿನದು.

ಆಮೇಲೆ ಲಾರಿಗಳು ಬಂದವು. ತುಮಕೂರು ರಸ್ತೆಯಲ್ಲಿ ಬರುತ್ತಿದ್ದ ಬೆಲ್ಲ, ಹುಣಸೆಹಣ್ಣಿನ ಗಾಡಿಗಳು ಕಡಿಮೆಯಾದವು. ಯಜಮಾನರು ಸತ್ತರು. ಗಾಡಿಖಾನೆಯ ಹೆಂಚಿನ ಮಾಡು ಒಂದು ಮಳೆಗಾಲದಲ್ಲಿ ಅರ್ಧ, ಇನ್ನೊಂದು ಮಳೆಗಾಲದಲ್ಲಿ ಉಳಿದರ್ಧ ಕೂತಿತು. ಊರಿನ ಕಸವೆಲ್ಲ ಅಲ್ಲಿಗೆ ಬಂದು ಬೀಳತೊಡಗಿತು. ಚರಂಡಿ ಯಾವ ಕಡೆ ಹರಿಯಬೇಕೆಂದು ತಿಳಿಯದೆ ನಡುಬೀದಿಯಲ್ಲಿ ನಿಂತಿತು. ೧೯೬೨ರ ಹೊತ್ತಿಗೆ ಬೀದಿಯಲ್ಲಿ ಉಳಿದಿದ್ದ ಕಸುಬುದಾರರು ಮೂವರು: ಲಾಳದ ಸಾಬರು, ಹುಲ್ಲು ಮಾರುವ ಮುನಿಗಂಗಪ್ಪ, ಮಜ್ಜಿಗೆ ಮಾರುವ ಮುನಿಕೃಷ್ಣಮ್ಮ.

ಆ ವರ್ಷ ಫೆಬ್ರವರಿಯಲ್ಲಿ ಪಟ್ಟಣ ಸುಧಾರಣಾ ಮಂಡಳಿಯವರು ಬಂದರು. ಸಹಾಯಕ ಇಂಜಿನಿಯರು ವೆಂಕಟರಾಮಯ್ಯನವರು ಕೊಡೆ ಮಡಿಚಿ, ಅದರ ತುದಿಯಿಂದಲೇ ಮಣ್ಣಿನ ಮೇಲೆ ನಕ್ಷೆ ಬರೆದು ವಿವರಿಸಿದರು.

"ನೋಡ್ರಪ್ಪ, ಇಂಥ ಹಾಳು ಬಿದ್ದ ಬೀದೀಲಿ ದುಡ್ಡಿರೋರು ಯಾರೂ ತಾವಾಗಿ ಬಂದು ಕಟ್ಟಡ ಕಟ್ಟಲ್ಲ. ಅದಕ್ಕೆ ಮೊದಲು ನಾವು ಚರಂಡಿ, ರಸ್ತೆ, ದೀಪ ಹಾಕ್ತೀವಿ. ನೆಲಾನ ಮೂವತ್ತು ವರ್ಷ ಗುತ್ತಿಗೆಗೆ ಕೊಡ್ತೀವಿ. ಮೊದಲ ಐದು ವರ್ಷ ಕಂದಾಯ ಇಲ್ಲ. ಧೈರ್ಯ ಮಾಡಿ ಒಬ್ಬರು ಕಟ್ಟಿದ್ರೆ ಪಕ್ಕದಲ್ಲಿ ಇನ್ನೊಬ್ಬರು ಕಟ್ತಾರೆ."

"ನಮ್ ಕತೆ ಏನು ಸಾಬ್?" ಗುಲಾಮ್ ರಸೂಲ್ ಸಾಬರು ಕೇಳಿದರು.

"ಐವತ್ತನೇ ಇಸವಿಗಿಂತ ಮುಂಚಿನಿಂದ ಇಲ್ಲಿ ಕಸುಬು ಮಾಡ್ತಿರೋರಿಗೆ ಹೊಸ ಕಟ್ಟಡದಲ್ಲಿ ಒಂದೊಂದು ಮಳಿಗೆ. ಆದ್ರೆ ಸಾಕ್ಷಿ ಬೇಕು."

"ಕಾಗದ ಇಲ್ಲ ಸಾಬ್. ಎತ್ತು ಇದ್ವು. ಅವೂ ಸತ್ತೋದ್ವು."

"ಇದ್ದಿದ್ರೂ ಎತ್ತಿನ ಸಾಕ್ಷಿ ನಡೆಯಲ್ಲ," ಎಂದು ವೆಂಕಟರಾಮಯ್ಯನವರು ಬೇಸರದಿಂದಲೇ ಹೇಳಿ ಹೋದರು.

ಮಾರನೆಯ ವಾರ ಬೀದಿಯ ಬೇವಿನ ಮರಕ್ಕೆ ನೋಟಿಸು ಅಂಟಿಸಿದರು. ಬೀದಿಯಲ್ಲಿ ಕನ್ನಡ ಓದಬಲ್ಲವನು ಮುನಿಗಂಗಪ್ಪ ಒಬ್ಬನೇ. ನಾಲ್ಕನೆಯ ಕ್ಲಾಸು ಪಾಸಾಗಿದ್ದೆ ಎನ್ನುತ್ತಿದ್ದ. ಮೂರನೆಯದು ಎಂದು ಮುನಿಕೃಷ್ಣಮ್ಮ ಹೇಳುತ್ತಿದ್ದಳು. ಅವನು ಎದೆಯುಬ್ಬಿಸಿ ಓದಿದ: "ಸದರಿ ಬೀದಿಯಲ್ಲಿ ಕಟ್ಟಡ ಕಟ್ಟಲಿಚ್ಛಿಸುವವರು ಹಾಗೂ ಹಾಲಿ ಕಸುಬುದಾರರು ತಂತಮ್ಮ ಬಂಡವಾಳವನ್ನು ಹದಿನೈದು ದಿನದೊಳಗೆ ಮಂಡಳಿಯ ಮುಂದೆ ಬಹಿರಂಗಪಡಿಸತಕ್ಕದ್ದು. ಮರೆಮಾಚಿದವರಿಗೆ ಹಕ್ಕಿರುವುದಿಲ್ಲ."

ಓದಿ ಮುಗಿಸಿ ತಾನೇ ಬೆವರಿದ.

"ಏನಂತೋ ಅದು?" ಮುನಿಕೃಷ್ಣಮ್ಮ ಕೇಳಿದಳು.

"ಬಂಡವಾಳ ಬಯಲು ಮಾಡ್ಬೇಕಂತೆ ಕಣಕ್ಕ. ಎಲ್ರುದೂವೆ."

ಬಂಡವಾಳ ಹಾಕುವುದು ಎಂದರೇನೆಂದು ಆ ಬೀದಿಗೆ ಗೊತ್ತಿರಲಿಲ್ಲ ಎಂದಲ್ಲ. ಆದರೆ ಹಾಕುವುದು ಬೇರೆ, ಬಯಲಾಗುವುದು ಬೇರೆ. ಜಗಳವಾದಾಗ "ನಿನ್ ಬಂಡವಾಳ ಬಯಲು ಮಾಡ್ತೀನಿ ನೋಡ್ತಿರು" ಎಂದು ಮೂವರೂ ಮೂವರಿಗೂ ಹೇಳಿಕೊಂಡು ಬಂದವರು. ಅಂದರೆ, ಗುಟ್ಟಾಗಿ ಮಾಡಿದ ಕಳ್ಳತನ ಊರಿಗೆಲ್ಲ ತಿಳಿಯುವುದು. ಈಗ ಸರ್ಕಾರದವರೇ ಅದನ್ನು ಕೇಳುತ್ತಿದ್ದಾರೆ.

"ಅವರ್ಗ್ಯಾಕೆ ನಮ್ ಬಂಡವಾಳ?" ಎಂದಳು ಮುನಿಕೃಷ್ಣಮ್ಮ.

"ಒಸ ಕಟ್ಟಡಕ್ಕೆ ಯೋಗ್ಯರು ಬೇಕಲ್ಲ. ಅದ್ಕೆ ಮೊದ್ಲು ಒಳಗಿರೋ ಕೊಳೆ ಎಲ್ಲಾ ಕಕ್ಸಿ ನೋಡ್ತಾರೆ."

ಮಾತು ತರ್ಕಬದ್ಧವಾಗಿತ್ತು. ಹಾಗಾಗಿ ಮೂವರೂ ನಂಬಿದರು.

ಮನೆಯಲ್ಲಿ ಗುಲಾಮ್ ರಸೂಲ್ ಸಾಬರು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಹೆಂಡತಿ ಅಕ್ಬರಿ ತಮ್ಮ ದಖನಿ ಉರ್ದುವಿನಲ್ಲಿ ಬಿಡಿಸಿ ಬಿಡಿಸಿ ಕೇಳಿದರು.

"ಕ್ಯಾ ಜೀ, ನೀವೇನು ಖೂನಿ ಮಾಡಿದ್ದೀರಾ?"

"ಇಲ್ಲ. ಆದ್ರೆ ಒಂದಿದೆ."

"ನನಗೆ ಗೊತ್ತಿರೋದಾ?"

"ನಿನಗೆ ಗೊತ್ತಿಲ್ಲ."

ಅಕ್ಬರಿಯವರ ಕೈಯಲ್ಲಿದ್ದ ರೊಟ್ಟಿ ಹಂಚಿನ ಮೇಲೆಯೇ ಸೀದಿತು. ಹದಿನೇಳು ವರ್ಷದ ಸಂಸಾರದಲ್ಲಿ ತನಗೆ ಗೊತ್ತಿಲ್ಲದ ಒಂದು! ಸಾಬರು ಮೆಲ್ಲಗೆ ಹೇಳಿದರು. ಕೇಳಿದ ಅಕ್ಬರಿ ಮೊದಲು ಉಸಿರು ಬಿಟ್ಟರು, ಆಮೇಲೆ ಬೈದರು. "ಇಷ್ಟೇನಾ! ನಾನು ಯಾವಳೋ ಹೆಂಗಸು ಅಂದ್ಕೊಂಡೆ. ಹೋಗಿ ಬರೆಸಿ. ಮುಚ್ಚಿಟ್ಟರೆ ಜಾಗ ಖಂಡಿತ ಹೋಗುತ್ತೆ. ಹೇಳಿದ್ರೆ ಹೋಗಬಹುದು, ಉಳೀಬಹುದು."

ಜಾಗ ಹೋದರೆ ಎಲ್ಲಿಗೆ ಹೋಗುವುದು ಎಂಬುದು ಇಬ್ಬರಿಗೂ ತಿಳಿದಿರಲಿಲ್ಲ. ಲಾಳದವನು ಎತ್ತುಗಳಿಗೆ ಗೊತ್ತಿರುವ ಜಾಗದಲ್ಲೇ ಇರಬೇಕು. ಬೇರೆ ಕಡೆ ಕೂತರೆ ಬರಿಯ ಸುತ್ತಿಗೆ ಹಿಡಿದ ಮನುಷ್ಯ.

ಮೂರು ಅರ್ಜಿಗಳನ್ನೂ ತನ್ನ ಮನೆಯಲ್ಲಿ ಕೂತು ಬರೆದವನು ಮುನಿಗಂಗಪ್ಪನೇ. 'ಬಂಡವಾಳದ ವಿವರ' ಎಂಬ ಅಂಕಣದ ಮುಂದೆ ಪೆನ್ನು ಹಿಡಿದು ಮೊದಲು ಮುನಿಕೃಷ್ಣಮ್ಮನನ್ನು ಕೂರಿಸಿಕೊಂಡ.

"ಏಳಕ್ಕ, ನಿನ್ ಬಂಡವಾಳ ಏನು?"

"ಮಜ್ಜಿಗೆಗೆ ನೀರು ಬೆರಸ್ತೀನಿ."

"ಅದು ಗೊತ್ತಿರೋದೆ. ಎಷ್ಟು?"

"ಬೆಳಿಗ್ಗೆ ಒಂದಕ್ಕೆ ಒಂದು. ಮದ್ಯಾನ ಒಂದಕ್ಕೆ ಮೂರು."

ಮುನಿಗಂಗಪ್ಪ ಹತ್ತು ವರ್ಷದಿಂದ ಮಧ್ಯಾಹ್ನವೇ ಕುಡಿಯುತ್ತಿದ್ದವನು. "ಅಯ್ಯೋ ನಿನ್ನ! ಮೂರಾ? ನಾನು ಒಟ್ಟೆ ತಣ್ಣಗಾಯ್ತದೆ ಅಂತ ಕುಡೀತಿದ್ದೆ, ಬಾವಿ ನೀರಾ ಅದು?"

"ತಣ್ಣಗಾಗ್ತಿತ್ತೋ ಇಲ್ವೋ? ಬರಿ ಸುಮ್ನೆ."

ಸಾಬರ ಸರದಿ ಬಂದಾಗ ಅವರು ಎದ್ದು ಬಾಗಿಲು ಹಾಕಿ ಹೇಳಿದರು. ಮುನಿಗಂಗಪ್ಪ ಕಣ್ಣರಳಿಸಿ, "ಸಾಬ್ರೆ, ಇದು ಮಜ್ಜಿಗೆ ತರ ಅಲ್ಲ. ಇದಕ್ಕೆ ಜೈಲು," ಎಂದ. ಆದರೂ ಬರೆದ.

ಮಾರ್ಚಿ ಹದಿನಾರರಂದು ಬೇವಿನ ಮರದ ಕೆಳಗೇ ಮಂಡಳಿಯ ಮೇಜು ಹಾಕಿದರು. ಒಂದು ಕುರ್ಚಿಯಲ್ಲಿ ವೆಂಕಟರಾಮಯ್ಯನವರು, ಎದುರು ಕುರ್ಚಿಯಲ್ಲಿ ಯಲಹಂಕದ ಅಕ್ಕಿ ಗಿರಣಿಯ ಪಿಳ್ಳಪ್ಪನವರು. ದೊಡ್ಡ ಕಟ್ಟಡ ಕಟ್ಟಲು ಮುಂದೆ ಬಂದಿದ್ದವರು ಅವರೊಬ್ಬರೇ. ಈಗ ಅವರೂ ಹಿಂದೆ ಸರಿಯುವ ಯೋಚನೆಯಲ್ಲಿದ್ದರು.

"ಸ್ವಾಮಿ, ನೀವು ಕಂದಾಯ ಬಿಟ್ರಿ, ಸಂತೋಷ. ದೀಪ ಹಾಕ್ತೀರಿ, ಸಂತೋಷ. ಆದ್ರೆ ನೆಲ ಎಲ್ಲಿಂದ ಎಲ್ಲೀಗಂಟ ಅಂತ ಏಳ್ರಿ. ಆ ಕಡೆ ಜಮೀನಿನವ್ರು ಇದು ನಮ್ದು ಅಂತಾರೆ, ರೈಲ್ವೆಯವ್ರು ನಮ್ದು ಅಂತಾರೆ. ಗಡಿ ಗೊತ್ತಾಗ್ದೆ ನಾನು ಒಂದಿಟ್ಟಿಗೆ ಇಡಕ್ಕಿಲ್ಲ."

ವೆಂಕಟರಾಮಯ್ಯನವರು ಮೊದಲ ಅರ್ಜಿ ತೆಗೆದು ಓದತೊಡಗಿದರು. "ಬಂಡವಾಳದ ವಿವರ. ಬೆಳಿಗ್ಗೆ ಒಂದಕ್ಕೆ ಒಂದು, ಮಧ್ಯಾಹ್ನ ಒಂದಕ್ಕೆ ಮೂರು." ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇದೇನಮ್ಮ ಇದು?"

"ನೀರು ಸ್ವಾಮಿ," ಎಂದಳು ಮುನಿಕೃಷ್ಣಮ್ಮ ತಲೆ ತಗ್ಗಿಸಿ.

ಎರಡನೆಯದು ಮುನಿಗಂಗಪ್ಪನದು. "ತೂಕ ಬರಲೆಂದು ಹುಲ್ಲಿನ ಹೊರೆಯನ್ನು ನೆನೆಸಿ ಮಾರಿದ್ದುಂಟು. ಮಂಗಳವಾರ ಮಾಡಿಲ್ಲ, ದೇವರ ದಿನ." ಮೇಜಿನ ಆಚೆ ಪಿಳ್ಳಪ್ಪನವರ ಹೊಟ್ಟೆ ಸದ್ದಿಲ್ಲದೆ ಕುಣಿಯುತ್ತಿತ್ತು.

ವೆಂಕಟರಾಮಯ್ಯನವರಿಗೆ ಅರ್ಥವಾಯಿತು. ನೋಟಿಸನ್ನು ಬರೆದವರು ತಾವೇ. 'ಬಂಡವಾಳ', 'ಬಹಿರಂಗ', ಎರಡೂ ಪದ ಸರಿಯಾಗಿಯೇ ಇದ್ದವು. ಪಕ್ಕಪಕ್ಕದಲ್ಲಿ ಇಟ್ಟದ್ದೇ ತಪ್ಪು. ನಗು ತಡೆದುಕೊಂಡು ಮೂರನೆಯದನ್ನು ಎತ್ತಿಕೊಂಡರು. ಎರಡು ಸಾಲು ಓದುವಷ್ಟರಲ್ಲಿ ನಗು ನಿಂತಿತು. ಎದ್ದು ನಿಂತರು.

"ಗುಲಾಮ್ ರಸೂಲ್ ಯಾರು?"

ಸಾಬರು ಎರಡು ಕೈಯನ್ನೂ ಜೋಡಿಸಿ ಮುಂದೆ ಚಾಚಿದರು. ಕೋಳ ಹಾಕಲು ಅನುಕೂಲವಾಗಲಿ ಎಂಬಂತೆ.

"ಇದು ನಿಜವೇನ್ರೀ? 'ನಲವತ್ತೊಂಬತ್ತನೇ ಇಸವಿ ದಸರೆ ಮುಗಿದ ಮೇಲೆ ಸರ್ಕಾರದ ಸರ್ವೆ ಕಲ್ಲು ಕಿತ್ತು ಕಬ್ಬಿಣ ಬಡಿಯಲು ಇಟ್ಟುಕೊಂಡಿರುತ್ತೇನೆ'?"

"ನಿಜ ಸಾಬ್. ಗಟ್ಟಿ ಕಲ್ಲು. ಹದಿಮೂರು ವರ್ಷ ಬಡಿದ್ರೂ ಒಂದು ಚಕ್ಕೆ ಎದ್ದಿಲ್ಲ. ಸರ್ಕಾರದ್ದು ಒಳ್ಳೇ ಮಾಲು."

"ಎಲ್ಲಿಂದ ಕಿತ್ತಿದ್ದು? ತೋರಿಸ್ತೀರಾ?"

"ಈ ಮರದಿಂದ ಹನ್ನೊಂದು ಹೆಜ್ಜೆ. ಎತ್ತುಗಳು ಎಡವುತ್ತಿದ್ವು ಸಾಬ್, ಅದಕ್ಕೇ ಕಿತ್ತೆ. ಗುಂಡಿ ಹಾಗೇ ಬಿಟ್ರೆ ಕಾಲು ಮುರೀತವೆ ಅಂತ ಸವೆದ ಲಾಳ ತುಂಬಿ ಮಣ್ಣೆಳೆದೆ."

ಅವರು ಹೆಜ್ಜೆ ಎಣಿಸುತ್ತಾ ನಡೆದರು. ಹಿಂದೆ ವೆಂಕಟರಾಮಯ್ಯನವರು, ಅವರ ಹಿಂದೆ ಪಿಳ್ಳಪ್ಪನವರು, ಅಳತೆಯ ಸರಪಳಿ ಹಿಡಿದ ಮಂಡಳಿಯ ಇಬ್ಬರು ಆಳುಗಳು, ಕೊನೆಗೆ ಮಜ್ಜಿಗೆ ಮಡಕೆ ಹೊತ್ತ ಮುನಿಕೃಷ್ಣಮ್ಮ. ಅಗೆದರು. ಒಂದೂಕಾಲು ಅಡಿ ಆಳದಲ್ಲಿ ಗುದ್ದಲಿ ಠಣ್ ಎಂದಿತು. ತುಕ್ಕು ಹಿಡಿದ ಲಾಳಗಳು ಒಂದೊಂದಾಗಿ ಮೇಲೆ ಬಂದವು. ವೆಂಕಟರಾಮಯ್ಯನವರು ತಾವೇ ಕುಕ್ಕರುಗಾಲಲ್ಲಿ ಕೂತು ಎಣಿಸಿದರು: ನಲವತ್ತಮೂರು. ಗುಂಡಿ ಚೌಕವಾಗಿತ್ತು, ಸಾಬರ ಕಬ್ಬಿಣ ಬಡಿಯುವ ಕಲ್ಲು ತರಿಸಿ ಇಳಿಸಿ ನೋಡಿದರೆ ನಾಲ್ಕು ಮಗ್ಗುಲೂ ಕೂತಿತು.

ಆಮೇಲೆ ಅವರು ಹಳೆಯ ಫೈಲು ಬಿಚ್ಚಿದರು. ೧೯೪೯ರ ಏಪ್ರಿಲ್ ಅಳತೆಯಲ್ಲಿ ಕಲ್ಲು ಇದೆ. ಅದೇ ವರ್ಷ ಡಿಸೆಂಬರಿನಲ್ಲಿ "ಕಲ್ಲು ಕಾಣೆ" ಎಂದಿದೆ. ಅಂದಿನಿಂದ ಆ ಬೀದಿಯ ಅಳತೆ ಒಂದು ಸಲವೂ ತಾಳೆಯಾಗಿರಲಿಲ್ಲ.

"ಏಪ್ರಿಲಿಗೂ ಡಿಸೆಂಬರಿಗೂ ನಡುವೆ ಕಲ್ಲು ಕಿತ್ತಿದ್ದು ನೀವು," ಎಂದರು ವೆಂಕಟರಾಮಯ್ಯನವರು ನಿಧಾನವಾಗಿ.

"ಹೌದು ಸಾಬ್. ತಪ್ಪಾಯ್ತು."

"ಲಾಳ ತುಂಬಿದ್ದೂ ನೀವು. ಅಂದ್ರೆ ಆಗ ಇಲ್ಲೇ ಲಾಳದ ಕೆಲಸ ಮಾಡ್ತಿದ್ರಿ."

"ಇನ್ನೆಲ್ಲಿ ಮಾಡ್ಲಿ ಸಾಬ್?"

"ನಲವತ್ತೊಂಬತ್ತು ಐವತ್ತಕ್ಕಿಂತ ಮುಂಚೆ ಬರುತ್ತೆ ಅಲ್ವೇನ್ರೀ?"

ಸಾಬರಿಗೆ ಲೆಕ್ಕ ಹತ್ತಲಿಲ್ಲ. ಮುನಿಗಂಗಪ್ಪನಿಗೆ ಹತ್ತಿತು. "ಸಾಬ್ರೆ, ಜೈಲಿಲ್ಲ ಕಣ್ರೀ! ಮಳಿಗೆ ಕಣ್ರೀ!" ಎಂದು ಅವನು ಅವರ ಚಾಚಿದ ಕೈಗಳನ್ನು ಹಿಡಿದು ಕೆಳಗಿಳಿಸಿದ.

"ಕಲ್ಲು ಕದ್ದಿದ್ದಕ್ಕೆ ಸಾಬ್?"

"ಫೈಲಿನಲ್ಲಿ ಕಾಣೆ ಅಂತಿದೆ, ಕದ್ದದ್ದು ಅಂತಿಲ್ಲ. ಕಾಣೆಯಾಗಿತ್ತು, ಸಿಕ್ತು. ನಾನು ಅಷ್ಟೇ ಬರೀತೀನಿ," ಎಂದು ಅವರು ಪಿಳ್ಳಪ್ಪನವರ ಕಡೆ ತಿರುಗಿದರು. "ಗಡಿ ಸಿಕ್ಕಿತಲ್ಲ. ಇಟ್ಟಿಗೆ ಯಾವಾಗ?"

ಪಿಳ್ಳಪ್ಪನವರು ಕಲ್ಲನ್ನು ಕಾಲಿನಿಂದ ತಳ್ಳಿ ನೋಡಿದರು. ಅಲುಗಲಿಲ್ಲ. "ಒಳ್ಳೇ ದಿನ ನೋಡ್ರಿ," ಎಂದರು. ಉಳಿದಿಬ್ಬರ ಅಂಗಡಿಗೂ ಸಾಬರೇ ಸಾಕ್ಷಿ ಹೇಳಿದರು. ಒಮ್ಮೆ ರುಜುವಾತಾದ ಮನುಷ್ಯನ ಮಾತನ್ನು ಮಂಡಳಿ ಒಪ್ಪಿತು.

ಕಟ್ಟಡ ಮುಗಿದದ್ದು ೧೯೬೪ರಲ್ಲಿ. ಪಿಳ್ಳಪ್ಪನವರ ಗೋದಾಮು ಎದ್ದ ಆರು ತಿಂಗಳಿಗೆ ಪಕ್ಕದಲ್ಲಿ ಸಿಮೆಂಟು ವ್ಯಾಪಾರಿಯೊಬ್ಬರು ಬಂದರು, ಅವರ ಪಕ್ಕ ಒಂದು ಸೈಕಲ್ ಅಂಗಡಿ. ಸಾಬರಿಗೆ ಐದನೆಯ ನಂಬರಿನ ಮಳಿಗೆ, ಹತ್ತಡಿ ಉದ್ದ, ಎಂಟಡಿ ಅಗಲ. ಎತ್ತು ಮೆಟ್ಟಿಲು ಹತ್ತುವುದಿಲ್ಲವೆಂದು ಅವರು ಮೂರು ಸಲ ಹೇಳಿದ ಮೇಲೆ ವೆಂಕಟರಾಮಯ್ಯನವರು ಅದೊಂದಕ್ಕೆ ಮಾತ್ರ ಇಳಿಜಾರು ಹಾಕಿಸಿ, ಸಿಮೆಂಟಿನ ಬದಲು ಮಣ್ಣಿನ ನೆಲ ಬಿಡಿಸಿದ್ದರು. ಅಕ್ಬರಿ ಬಾಗಿಲಿಗೆ ಮಲ್ಲಿಗೆ ಕಟ್ಟಿದರು.

ಮೊದಲ ಗಿರಾಕಿ ಅಮೃತಹಳ್ಳಿಯ ಒಂದು ಬಿಳಿ ಎತ್ತು. ಮಾಲೀಕ ಮೂತಿ ಹಿಡಿದು ಎಳೆದ, ಸಾಬರು ಹಿಂದಿನಿಂದ ಒಲಿಸಿದರು. ಒಳಗೆ ಬಂತು. ಹಗ್ಗ ಹಾಕಿ ಮೆಲ್ಲಗೆ ಮಲಗಿಸಿದರು. ಮಾಲೀಕ ತಲೆ ಹಿಡಿದು ಕೂರುವುದಕ್ಕೆ ಎರಡಡಿ ಬೇಕಾಯಿತು. ಹಾಗಾಗಿ ಎತ್ತು ಪೂರ್ತಿ ಮಳಿಗೆಯೊಳಗಿತ್ತು, ಬಾಲವೊಂದು ಮಾತ್ರ ಹೊಸ್ತಿಲು ದಾಟಿ ಹೊಸ ಡಾಂಬರು ರಸ್ತೆಯ ಮೇಲೆ ಬಿದ್ದಿತ್ತು.

ಹೊಸದಾಗಿ ಬಂದಿದ್ದ ಮಂಡಳಿಯ ಮೇಸ್ತ್ರಿಯೊಬ್ಬ ಸೈಕಲ್ ನಿಲ್ಲಿಸಿದ. "ಏನ್ ಸಾಬ್ರೆ, ಮೊದಲನೇ ದಿನಾನೇ ಒತ್ತುವರೀನಾ? ರಸ್ತೆ ಮಂಡಳೀದು."

ಬಾಯಲ್ಲಿ ಮೊಳೆ ಕಚ್ಚಿದ್ದ ಗುಲಾಮ್ ರಸೂಲ್ ಸಾಬರು ಎದ್ದು ಬಂದು, ಬಾಲವನ್ನು ಎರಡು ಕೈಯಲ್ಲಿ ಎತ್ತಿ, ಮಡಿಚಿ, ಹೊಸ್ತಿಲಿನಿಂದ ನಾಲ್ಕು ಬೆರಳು ಒಳಗೆ ಇಟ್ಟು, ಮತ್ತೆ ಕೆಲಸಕ್ಕೆ ಕೂತರು.