ಇಸ್ತ್ರಿಗೆ ಹೋದ ಕೋಟು

ಗಂಡನ ಮನಸ್ಸನ್ನು ತಿಳಿಯಬೇಕಾದರೆ ನಾನು ಮುಖ ನೋಡುವುದಿಲ್ಲ, ಇಸ್ತ್ರಿಗೆ ಹೋಗುವ ಗಂಟು ಬಿಚ್ಚುತ್ತೇನೆ. ಈ ವಾರ ವಿಮಾನ ನಗರದ ನಮ್ಮ ಮನೆಯ ಗಂಟಿನಲ್ಲಿ, ದಿಂಬಿನ ಚೀಲಗಳ ಕೆಳಗೆ, ನಮ್ಮವರ ನೀಲಿ ಕೋಟು ತಲೆಮರೆಸಿಕೊಂಡ ಆರೋಪಿಯಂತೆ ಮುದುಡಿಕೊಂಡಿತ್ತು. ಅನುಮಾನ ಅಲ್ಲಿಂದಲೇ ಶುರು.

ನಾವು ನಾಲ್ಕು ಮನೆಯವರು ಸೇರಿ ಸಾಕಿರುವ ರೇಸ್ ಕುದುರೆಯಲ್ಲಿ ಕಾಲುಭಾಗ ನನ್ನ ಹೆಸರಿನಲ್ಲಿದೆ. ಅದು ಬಾಲದ ಕಡೆಯ ಕಾಲುಭಾಗವೆಂದು ಮನೆಯಲ್ಲಿ ತಮಾಷೆ. ಅವಳ ಹೆಸರು ಮಾರ್ನಿಂಗ್ ಬೆಲ್. ಶಾಲೆಯ ದಿನಗಳಲ್ಲಿ ಕಾನ್ವೆಂಟಿನ ಬೆಳಗಿನ ಗಂಟೆಗೆ ನಾನು ಹೇಗೋ, ಗೆಲುವಿನ ಗೆರೆಗೆ ಅವಳೂ ಹಾಗೆ: ಸದಾ ತಡ. ಈ ಭಾನುವಾರ ಗೆಲ್ಲದಿದ್ದರೆ ಅವಳನ್ನು ದೂರದೂರಿನ ಸವಾರಿ ಶಾಲೆಗೆ ಮಾರುವುದೆಂದು ಉಳಿದ ಪಾಲುದಾರರು ತೀರ್ಮಾನಿಸಿಬಿಟ್ಟಿದ್ದಾರೆ.

"ಈ ಸಲಾನೂ ಏನೂ ಆಗೂದಿಲ್ಲ. ನೀ ಬರೂದು ಬ್ಯಾಡ," ಎಂದರು ನಮ್ಮವರು, ಚಹಾದ ಕಪ್ಪಿನೊಳಗೇ ಮುಖವಿಟ್ಟು. ಸೋಲುವ ಕುದುರೆಗೆ ಕೋಟೇಕೆ? ಗೆದ್ದ ಕುದುರೆಯ ಲಗಾಮು ಹಿಡಿದು ಮಾಲೀಕರು ನಡೆದುಬರುವ, ಫೋಟೋಗೆ ನಿಲ್ಲುವ ಪದ್ಧತಿಯೊಂದಿದೆ; ಆ ಕೋಟಿಗೆ ಇನ್ನಾವ ಉದ್ಯೋಗವೂ ಇಲ್ಲ.

ಮರುದಿನ ಬೆಳಿಗ್ಗೆ ಗಜ್ಜರಿ ಹಿಡಿದು ಲಾಯಕ್ಕೆ ಹೋದೆ. ಅವಳು ಕಿವಿ ನಿಮಿರಿಸಿ ನನ್ನ ಚೀಲಕ್ಕೆ ಮೂತಿ ಚಾಚಿದಳು. ತರಬೇತುದಾರ ದೇಸಾಯರು ಬೆಳಗಾವಿಯವರು. ನಿರಾಶೆಯನ್ನೂ ಮರ್ಯಾದೆಯಿಂದಲೇ ಬಡಿಸುತ್ತಾರೆ. "ಮಳಿ ಆಗ್ಯದ, ನೆಲ ಮೆತ್ತಗದ. ಈಕಿಗೆ ಗಟ್ಟಿ ನೆಲಾನ ಬೇಕು. ಭಾಳ ಆಸೆ ಇಟ್ಕೋಬ್ಯಾಡ್ರಿ, ಅಕ್ಕಾರ," ಎನ್ನುತ್ತಲೇ ನನ್ನ ಕೈಯ ಗಜ್ಜರಿ ಕಸಿದುಕೊಂಡರು. "ರೇಸ್ ಆಗೂತನಕ ಇದೆಲ್ಲಾ ಬ್ಯಾಡ. ಹೊಟ್ಟಿ ಹಗರ ಇರ್ಲಿ."

ಆಸೆಯೇ ಇಲ್ಲದ ಕುದುರೆಯ ಹೊಟ್ಟೆ ಹಗುರಾಗಿದ್ದರೆಷ್ಟು, ಭಾರವಾಗಿದ್ದರೆಷ್ಟು? ಇಬ್ಬರೂ ಸೇರಿ ನನ್ನಿಂದ ಏನನ್ನೋ ಮುಚ್ಚಿಡುತ್ತಿದ್ದಾರೆಂದು ರಿಕ್ಷಾದಲ್ಲಿ ದಾರಿಯುದ್ದಕ್ಕೂ ಕುದಿಯುತ್ತ ಬಂದೆ. ಆಗ ಕಾನ್ವೆಂಟಿನಲ್ಲಿ ನನ್ನ ಪಕ್ಕದ ಡೆಸ್ಕಿನಲ್ಲಿ ಕೂರುತ್ತಿದ್ದವಳು ನೆನಪಾದಳು. ಪ್ರತಿ ಪರೀಕ್ಷೆಗೂ "ಈ ಸಲ ನಾ ಫೇಲ್ ನೋಡವಾ" ಎಂದು ಕಣ್ಣೊರೆಸಿಕೊಂಡು ಅವಳು ಮೊದಲಿಗಳಾಗುತ್ತಿದ್ದಳು. "ಭಾಳ ಸರಳ ಇತ್ತು" ಎಂದು ಬೀಗಿದ ನಾನು ಎಷ್ಟನೆಯವಳಾಗುತ್ತಿದ್ದೆ ಎಂಬುದನ್ನು ಇಲ್ಲಿ ಕೇಳಬೇಡಿ. ಅವಳನ್ನು ಕಪಟಿ ಎಂದುಕೊಂಡಿದ್ದೆ. ಆ ಕಣ್ಣೀರು ನಿಜವಾದ ಹೆದರಿಕೆಯದೇ ಇರಬೇಕೆಂದು ಈಗ ಅನಿಸಿತು. ನಮ್ಮವರದೂ ಅದೇ ಹೆದರಿಕೆ: ಗೆಲ್ಲುವ ಆಸೆಗೆ ಕೋಟನ್ನು ಇಸ್ತ್ರಿಗೆ ಹಾಕಿದರೂ, ಸೋತರೆ ಕುದುರೆಯ ಆ ನಿಮಿರಿದ ಕಿವಿಗಳನ್ನು ಬೀಳ್ಕೊಡುವಾಗ ನಾನು ಅಲ್ಲಿರಬಾರದೆಂದು "ಬ್ಯಾಡ" ಎಂದಿರಬೇಕು.

ಮಧ್ಯಾಹ್ನ ನನ್ನ ಪೈಠಣಿ ರೇಷ್ಮೆ ಸೀರೆಯನ್ನು ಇಸ್ತ್ರಿಯವನಿಗೆ ಕೊಡುತ್ತಿದ್ದಾಗ ಪಕ್ಕದ ಮನೆಯ ಸುನಂದಾಬಾಯಿ ಬಂದರು. "ಏನ್ರಿ ವೈನಿ, ರವಿವಾರ ನಿಮ್ಮ ಕುದುರಿದು ಹ್ಯಾಂಗ?"

"ಎಲ್ಲೀದ್ರಿ! ಮಳಿ ಆಗ್ಯದ, ನೆಲ ಮೆತ್ತಗದ."

"ಹಂಗಾರ ಈ ಪೈಠಣಿ ಯಾರ ಲಗ್ನಕ್ಕ?"

ಇಸ್ತ್ರಿಯವನು ಸೀರೆಯನ್ನು ನೀಲಿ ಕೋಟಿನ ಪಕ್ಕಕ್ಕೇ ತೂಗುಹಾಕಿದ. ಕೋಟಿನ ಹೆಗಲ ಮೇಲೆ ಬಿಸಿಲು ಬಿದ್ದಿತ್ತು. ಬಾಯಿ ತಪ್ಪಿಯೂ ನಾನು ಅದರ ಮಾತೆತ್ತಲಿಲ್ಲ.